ಕಿಲ್ಲಾರಿಯ ಪಟ್ಟಿ ಬರೆದ ಅಧಿಕಾರಿಯ ಮಾತು ಕೇಳಿದೆ, ನಾನು ಯಾವ ಪರೀಕ್ಷೆಗೆ ಓದಲಿ?

ಸಾಯನ್ ಹುಡುಗಿ, ಮುಂಬೈ:
ಶನಿವಾರ ನಮ್ಮ ಕಾಲೇಜಿಗೆ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಒಬ್ಬರು ಬಂದಿದ್ದರು. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಪರೀಕ್ಷೆ ಪಾಸಾಗೋದು ಹೇಗೆ ಅಂತ ಹೇಳ್ತಾರೆ ಅಂದುಕೊಂಡು ನೋಟ್‌ಬುಕ್ ಹಿಡಿದು ಕೂತಿದ್ದೆ. ಅವರು ಮುಕ್ಕಾಲು ಗಂಟೆ ಹೇಳಿದ್ದೆಲ್ಲ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿ ಭೂಕಂಪದ ಬಗ್ಗೆಯೇ.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಜನ ಗಣಪತಿ ಬಿಟ್ಟು ಬಂದು ಮಲಗಿದ್ದರು. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಹೇರಿದ ಮಣ್ಣು. ಎಲ್ಲ ಮಲಗಿದವರ ಮೇಲೇ ಬಿತ್ತು. ಇವರು ಆಗ ನಾಯಬ್ ತಹಸೀಲ್ದಾರ, ಅಂದರೆ ತಹಸೀಲ್ದಾರರ ಕೈಕೆಳಗಿನ ಅಧಿಕಾರಿ; ನೌಕರಿಗೆ ಸೇರಿ ಎರಡನೇ ವರ್ಷ. ಒಂದು ಹಳ್ಳಿಯಲ್ಲಿ ಸತ್ತವರ ಪಟ್ಟಿ ಮಾಡೋ ಕೆಲಸ ಕೊಟ್ಟರು. ಮಳೆ ಬೇರೆ. ಊರಿನ ಜಮೀನು ಲೆಕ್ಕ ಬರೆಯುವ ತಲಾಠಿಯ ದಫ್ತರ ಕಲ್ಲಿನಡಿ, ರೇಷನ್ ಕಾರ್ಡೂ ಕಲ್ಲಿನಡಿ. ಉಳಿದವರನ್ನು ಕೂರಿಸಿಕೊಂಡು, ಬೇವಿನ ಮರದಿಂದ ಎಡಕ್ಕೆ ಮೊದಲ ಮನೆ ಯಾರದು, ಒಳಗೆ ಯಾರ್ಯಾರು ಮಲಗಿದ್ದರು ಅಂತ ಗಲ್ಲಿ ಗಲ್ಲಿ ನೆನಪು ಮಾಡಿಸಿದರಂತೆ.

ಒಬ್ಬ ಅಜ್ಜಿ ಮರಾಠಿಯಲ್ಲಿ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಅವಳು ತನ್ನಷ್ಟಕ್ಕೆ "ಯವ್ವಾ" ಅಂದದ್ದು ಕಿವಿಗೆ ಬಿದ್ದು, ಇವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು "ಮನ್ಯಾಗ ಯಾರ್ಯಾರ ಇದ್ರಬೇ?" ಅಂತ ಕೇಳಿದರು. ಐದು ಹೆಸರು ಹೇಳಿದಳು. ಆರನೆಯದು ಹತ್ತು ದಿನದ ಕೂಸು, ನಾಮಕರಣ ಆಗಿರಲಿಲ್ಲ. "ಆ ಸಾಲು ಖಾಲಿ ಬಿಡಬ್ಯಾಡಪ್ಪ" ಅಂದು ಅಲ್ಲೇ ಹೆಸರಿಟ್ಟು ಬರೆಸಿದಳು. ಆ ಹೆಸರನ್ನು ಅವರು ನಮಗೆ ಹೇಳಲಿಲ್ಲ. ನೀರು ಕುಡಿದು, ಮುಂದೆ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದ ವಿಷಯಕ್ಕೆ ಹೋದರು. ನನಗೆ ಅದ್ಯಾವುದೂ ತಲೆಗೆ ಹೋಗಲಿಲ್ಲ.

ನಾನು ಏಳನೇವರೆಗೆ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವಳು. ಕಾಲೇಜಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪ ಮಾಟುಂಗದ ಹೋಟೆಲಲ್ಲಿ ಗಲ್ಲಾದ ಮೇಲೆ ಕೂರ್ತಾರೆ, ಬ್ಯಾಂಕ್ ಪರೀಕ್ಷೆ ಕಟ್ಟು ಅಂತಾರೆ. ನನಗೆ ಇವರ ಕೆಲಸವೇ ಬೇಕು. ಕೇಂದ್ರದ ಯುಪಿಎಸ್‌ಸಿ ಪರೀಕ್ಷೆಯೋ, ಮಹಾರಾಷ್ಟ್ರ ರಾಜ್ಯದ ಎಂಪಿಎಸ್‌ಸಿಯೋ? ಮರಾಠಿ ಮಾತಾಡ್ತೇನೆ, ಬರೆಯೋದು ಕಷ್ಟ.

ಸದಾಶಿವ ಪೇಠೆ ಅಭ್ಯಾಸಿಕೆ:
ತಂಗಿ, ಯುಪಿಎಸ್‌ಸಿಯ ಮೊದಲ ಹಂತ ಪ್ರಿಲಿಮ್ಸ್, ಅದರ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತೆ. ಎರಡನೇ ಹಂತದ ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಸಂದರ್ಶನವೂ ಕನ್ನಡದಲ್ಲಿ ಕೊಡಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕ ತಗೊಂಡರೆ ತಲಾ 250 ಅಂಕದ ಎರಡು ಪತ್ರಿಕೆ. ಆದರೆ ಯುಪಿಎಸ್‌ಸಿ ಪಾಸಾದರೆ ಯಾವ ರಾಜ್ಯಕ್ಕೆ ಹಾಕ್ತಾರೋ ನಿಮ್ಮ ಕೈಲಿಲ್ಲ. ನಾಯಬ್ ತಹಸೀಲ್ದಾರ ಆಗಬೇಕು ಅಂದರೆ ದಾರಿ ಎಂಪಿಎಸ್‌ಸಿಯದೇ, ಅಲ್ಲಿ ಮರಾಠಿ ಬರೆಯದೆ ಆಗೋದಿಲ್ಲ.

ಗಡಿನಾಡ ಅಕ್ಕ, ಹಡಪ್ಸರ್:
ನೋಡವಾ ತಂಗಿ, ನಾ ಹನ್ನೊಂದು ವರ್ಷ ತಲಾಠಿ ಕೆಲಸ ಮಾಡೀನಿ, ಮೊದಲ ಗಡಿಯ ಜತ್ತ ತಾಲೂಕಿನ್ಯಾಗ, ಈಗ ಪುಣೆ ಕಡೆ. ಭೂಕಂಪ ದಿನಾ ಆಗೂದಿಲ್ಲ. ದಿನಾ ಬರೂದು ಸಾತ್‌ಬಾರಾ, ಅಂದ್ರ ಹೊಲ ಯಾರ ಹೆಸರಿಗದ ಅನ್ನೂ ಕಾಗದ. ಗಂಡ ಸತ್ತ ಹೆಣ್ಮಗಳು ವಾರಸಾ ಹಚ್ಚಾಕ, ಅಂದ್ರ ಗಂಡನ ಹೊಲಕ್ಕ ವಾರಸುದಾರಳಂತ ಹೆಸರ ಹಚ್ಚಾಕ ಬರ್ತಾಳ, ಅಷ್ಟೊತ್ತಿಗೆ ಮೈದುನರು ಆಕಿ ಹೆಸರ ಬಿಟ್ಟು ಅರ್ಜಿ ಕೊಟ್ಟಿರ್ತಾರ. ನೋಟೀಸು ಮರಾಠಿಯಾಗ ಇರ್ತದ, ಆಕಿಗೆ ಕನ್ನಡ ಅಷ್ಟೇ ಬರ್ತದ. ನಾ ಕುಂಡ್ರಿಸಿ ಒಂದೊಂದ ಸಾಲು ಕನ್ನಡದಾಗ ಓದಿ ಹೇಳತಿದ್ದೆ. ಕಾಗದ ಮರಾಠಿ, ಮಂದಿ ಕನ್ನಡ, ಎರಡೂ ಬಲ್ಲವರು ನಮ್ಮ ಆಫೀಸಿನ್ಯಾಗ ಇಬ್ಬರ. ಕನ್ನಡ ಸಾಲಿ ಕಲತಿದ್ದು ಮುಚ್ಚಿಡಬ್ಯಾಡ. ಮರಾಠಿ ಬರವಣಿಗೆ ಆರು ತಿಂಗಳಾಗ ಕೈಗೆ ಹತ್ತತದ, ದಿನಾ ಒಂದು ಪುಟ ಬರಿ.

ಸಾಯನ್ ಹುಡುಗಿ, ಮುಂಬೈ:
ಅಕ್ಕಾ, ನಿಮ್ಮ ಉತ್ತರವನ್ನು ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಎರಡನೇ ಸಲ ಓದಿಸಿಕೊಂಡರು. ಆಮೇಲೆ, ಎಂಪಿಎಸ್‌ಸಿ ಪುಸ್ತಕ ದಾದರಲ್ಲಿ ಎಲ್ಲಿ ಸಿಗುತ್ತೆ ಅಂತ ಅವರೇ ಕೇಳಿದರು. ಇವತ್ತಿನ ಒಂದು ಪುಟ ಬರೆದಿದ್ದೇನೆ, ಫೋಟೋ ಹಾಕಿದರೆ ತಪ್ಪು ತಿದ್ದಿ ಕೊಡ್ತೀರಾ?