‘ಮಾರ್ಜಿನ್ ಮನಿ’ಗೆ ಕನ್ನಡದಲ್ಲಿ ಏನಂತೀರಿ?

ಶಿರಸಿ ಕಡೆ ಹಲಸಿನ ಹಪ್ಪಳ, ಮುರುಗಲು ಜ್ಯೂಸ್ ಅಂತ ಸಣ್ಣ ಉದ್ಯಮ ಶುರು ಮಾಡುವವರಿಗೆ ಅರ್ಜಿ ತುಂಬಿಸಿಕೊಡುವ ಕೆಲಸ ಆಗಾಗ ನನ್ನ ತಲೆಗೆ ಬರುತ್ತದೆ. ಅಲ್ಲಿ ಎಲ್ಲರೂ ತೊಡಕಿಕೊಳ್ಳುವ ಪದ ಇದು.

ಬ್ಯಾಂಕಿನವರ ಬಾಯಲ್ಲಿ ಮಾರ್ಜಿನ್ ಅಂದ್ರೆ ಸಾಲ ತಗೊಳ್ಳುವವರು ಕೈಯಿಂದ ಹಾಕಬೇಕಾದ ದುಡ್ಡು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಮಾತ್ರ ‘ಮಾರ್ಜಿನ್ ಮನಿ’ ಅಂದ್ರೆ ಸರ್ಕಾರ ಕೊಡುವ ಸಬ್ಸಿಡಿ! ಹಳ್ಳಿಯ ಹೆಂಗಸೊಬ್ಬರು 10 ಲಕ್ಷದ ಘಟಕ ಹಾಕುತ್ತಾರೆ ಅಂದುಕೊಳ್ಳಿ. ಅವರು ಹಾಕಬೇಕಾದ್ದು ಶೇ. 5, ಅಂದ್ರೆ 50 ಸಾವಿರ. ಸರ್ಕಾರದ್ದು ಶೇ. 35, ಮೂರೂವರೆ ಲಕ್ಷ. ಈ ಎರಡರಲ್ಲಿ ಮಾರ್ಜಿನ್ ಯಾವುದು ಅಂತ ಕೇಳಿದರೆ ಬ್ಯಾಂಕು ಒಂದು ಹೇಳುತ್ತದೆ, ಯೋಜನೆಯ ಕಾಗದ ಇನ್ನೊಂದು ಹೇಳುತ್ತದೆ. ಸ್ವಂತ ದುಡ್ಡಿಗೆ ‘ಸ್ವಂತ ವಂತಿಗೆ’ ಅಂದುಬಿಟ್ಟರೆ ಅರ್ಧ ಗೊಂದಲ ಹೋಗುತ್ತದೆ, ಅದಕ್ಕೆ ಯಾರ ತಕರಾರೂ ಇರಲಿಕ್ಕಿಲ್ಲ.

ನಿಜವಾದ ತಾಪತ್ರಯ ಆ ಮೂರೂವರೆ ಲಕ್ಷದ್ದು. ಅದನ್ನು ‘ಸಹಾಯಧನ’ ಅಂತ ಬರೆಯುತ್ತೇವೆ. ಓದಿದವರು ಚೆಕ್ ಬರುತ್ತದೆ ಅಂತ ಕಾಯುತ್ತಾರೆ. ‘ತಮಾ, ಸಬ್ಸಿಡಿ ಯಾವಾಗ ಕೈಗೆ ಬತ್ತು?’ ಅಂತ ಕೇಳಿದವರಿಗೆ ಏನು ಹೇಳೋದು? ಅದು ಕೈಗೆ ಬರೋದೇ ಇಲ್ಲ. ಸಾಲ ಕೊಟ್ಟ ಬ್ಯಾಂಕಲ್ಲೇ ಮೂರು ವರ್ಷ ಠೇವಣಿಯಾಗಿ ಕೂತಿರುತ್ತದೆ, ಅದಕ್ಕೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕೋದಿಲ್ಲ. ಆಮೇಲೆ ಘಟಕ ನಡೀತಾ ಇದೆಯಾ ಅಂತ ನೋಡಿ ಸಾಲಕ್ಕೆ ಜಮಾ ಮಾಡುತ್ತಾರೆ. ಕಿರು ಆಹಾರ ಸಂಸ್ಕರಣೆಗೆ ಶೇ. 35, ಗರಿಷ್ಠ 10 ಲಕ್ಷ ಕೊಡುವ ಕೇಂದ್ರದ ಯೋಜನೆಯಲ್ಲೂ ಹೀಗೇ, ದುಡ್ಡು ಬ್ಯಾಂಕಲ್ಲೇ ಇರುತ್ತದೆ. ಮಧ್ಯದಲ್ಲಿ ಬಾಗಿಲು ಹಾಕಿದರೆ ಅದು ಸಿಗುವ ಆಸೆ ಬಿಡಬೇಕು.

ಈ ವಿಷಯದಲ್ಲಿ ‘ಉತ್ಪಾದನೆ ಆಧಾರಿತ ಪ್ರೋತ್ಸಾಹಧನ’ ವಾಸಿ. 2020ರಲ್ಲಿ ದೊಡ್ಡ ಕಂಪನಿಗಳಿಗೆ ಅಂತ ಬಂದ ಯೋಜನೆ ಅದು, ಉದ್ದ ಹೆಸರು ನಿಜ, ಆದರೆ ಮೊದಲು ಮಾಲು ಮಾಡಿ ತೋರಿಸು, ಆಮೇಲೆ ದುಡ್ಡು ಅನ್ನೋದು ಹೆಸರಲ್ಲೇ ಇದೆ. ಮುದ್ರಾಂಕ ಶುಲ್ಕದ ‘ವಿನಾಯಿತಿ’ಯೂ ಅಷ್ಟೆ, ಕಟ್ಟೋದು ಬೇಡ ಅಂತ ಯಾರಿಗಾದರೂ ತಿಳಿಯುತ್ತದೆ. ಸಾಲದ ಬಡ್ಡಿಯಲ್ಲಿ ಒಂದು ಪಾಲನ್ನು ಸರ್ಕಾರ ಹೊರುವ ‘ಬಡ್ಡಿ ಸಹಾಯಧನ’ ಮಾತ್ರ, ಕೈಗೆ ದುಡ್ಡು ಬರುತ್ತದೆ ಅನ್ನುವ ಅದೇ ಗುಂಡಿಗೆ ಮತ್ತೆ ಬೀಳಿಸುತ್ತದೆ. ‘ಬಡ್ಡಿ ರಿಯಾಯಿತಿ’ ಅಂದರೆ ಸಾಕಲ್ವಾ?

ನಾನು ಸದ್ಯಕ್ಕೆ ‘ಸಾಲಕ್ಕೆ ಜಮಾ ಆಗುವ ಸಹಾಯಧನ’ ಅಂತ ಬರೀತಿದ್ದೇನೆ. ಜಾಸ್ತಿ ಉದ್ದ, ಅರ್ಜಿಯ ಖಾನೆಯಲ್ಲಿ ಹಿಡಿಸೋದಿಲ್ಲ. ‘ಅಂಚು ಹಣ’ ಅಂತ ಸುಮ್ನೆ ಪದಕ್ಕೆ ಪದ ಇಟ್ಟರೆ ಯಾರಿಗೂ ಏನೂ ತಿಳಿಯೋದಿಲ್ಲ. ‘ಜಮಾ ಸಬ್ಸಿಡಿ’ ನಡೆದೀತಾ? ಕುಮಟಾ, ಕಾರವಾರ ಕಡೆ ಬ್ಯಾಂಕಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ಕೌಂಟರಿಗೆ ಬಂದವರಿಗೆ ನೀವು ಇದನ್ನು ಏನಂತ ಹೇಳಿ ತಿಳಿಸ್ತೀರಿ, ಅದನ್ನೇ ಇದ್ದ ಹಾಗೆ ಬರೀರಿ.