‘ಲೈವ್ ಆಕ್ಷನ್’ ಸಿನಿಮಾಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಕಾರ್ಟೂನ್ ಸಿನಿಮಾವನ್ನು ಲೈವ್ ಆಕ್ಷನ್ ಆಗಿ, ಅಂದರೆ ಚಿತ್ರ ಬರೆಯುವ ಬದಲು ನಿಜವಾದ ನಟರನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು, ಮತ್ತೆ ತೆಗೆದರೆ ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ದಿ ಲಯನ್ ಕಿಂಗ್’ ಬಗ್ಗೆ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲೇ ಈ ಪದ ಬೇಕಾಗಿದೆ.

‘ನೈಜ ಅಭಿನಯದ ಚಿತ್ರ’ ಅನ್ನಬಹುದು ಅನ್ನಿಸಿತು. 1996ರ ‘101 ಡಾಲ್ಮೇಷಿಯನ್ಸ್’ಗೆ ಅದು ಸರಿಹೋಗುತ್ತದೆ. ಗ್ಲೆನ್ ಕ್ಲೋಸ್ ಕ್ಯಾಮೆರಾ ಮುಂದೆ ನಿಂತು ನಟಿಸಿದ್ದಾರೆ, ನಿಜವಾದ ನಾಯಿಗಳೂ ಇವೆ. 2016ರ ‘ದಿ ಜಂಗಲ್ ಬುಕ್’ಗೆ ಅರ್ಧ ಸರಿ. ಮೌಗ್ಲಿ ನಿಜವಾದ ಹುಡುಗ, ಬಘೀರ, ಬಲೂ ಕಂಪ್ಯೂಟರ್‌ನಲ್ಲಿ ಹುಟ್ಟಿದವರು. ಆದರೆ 2019ರ ‘ಲಯನ್ ಕಿಂಗ್’ಗೆ ಬಂದರೆ ಈ ಪದ ನಿಲ್ಲುವುದೇ ಇಲ್ಲ. ಅದರಲ್ಲಿ ಕ್ಯಾಮೆರಾದಲ್ಲಿ ಸೆರೆಹಿಡಿದದ್ದು ಶುರುವಿನ ಸೂರ್ಯೋದಯದ ಒಂದೇ ಒಂದು ಶಾಟ್ ಎಂದು ನಿರ್ದೇಶಕ ಜಾನ್ ಫಾವ್ರೋ ಅವರೇ ಹೇಳಿದ್ದಾರೆ. ಗೋಲ್ಡನ್ ಗ್ಲೋಬ್ ಪ್ರಶಸ್ತಿಯಲ್ಲಿ ಅದು ಸ್ಪರ್ಧಿಸಿದ್ದೂ ಆನಿಮೇಷನ್ ವಿಭಾಗದಲ್ಲೇ. ಆದರೂ ಜನರ ಬಾಯಲ್ಲಿ ಅದು ಲೈವ್ ಆಕ್ಷನ್.

ಈ ಸಿನಿಮಾ ಬಗ್ಗೆ ಜನ ಎರಡು ಪಾಲಾಗಿರುವುದಕ್ಕೂ ಇದಕ್ಕೂ ನಂಟಿದೆ. 1994ರ ಕಾರ್ಟೂನ್ ಚಿತ್ರದಲ್ಲಿ ಅಪ್ಪ ಮುಫಾಸ ಸತ್ತಾಗ ಮರಿಸಿಂಹ ಸಿಂಬಾನ ಹುಬ್ಬು, ಕಣ್ಣು, ತುಟಿ ಎಲ್ಲವೂ ಅಳುತ್ತವೆ. ಹೊಸದರಲ್ಲಿ ಇರುವುದು ನಿಜವಾದ ಸಿಂಹದ ಮರಿಯಂಥದ್ದೇ ಮುಖ. ಬಾಯಿ ಆಡುತ್ತದೆ, ಮುಖ ಮಾತ್ರ ಹಾಗೇ ಇರುತ್ತದೆ. ಕೆಲವರಿಗೆ ಅದೇ ಇಷ್ಟ. ಗಾಳಿಗೆ ಕೇಸರದ ಒಂದೊಂದು ಕೂದಲೂ ಅಲ್ಲಾಡುವುದನ್ನು ನೋಡಿ ಬೆರಗಾಗುತ್ತಾರೆ. ಅದು ಸಣ್ಣ ಕೆಲಸವೂ ಅಲ್ಲ. ಇನ್ನು ಕೆಲವರು ಮುಖದಲ್ಲಿ ಕಳೆಯೇ ಇಲ್ಲ ಅನ್ನುತ್ತಾರೆ. ನಾನು ಇವರ ಕಡೆ. ಹಾಗಾಗಿ ‘ಸಜೀವ ಚಿತ್ರ’, ‘ಜೀವಂತ ಚಿತ್ರ’ ಅಂತ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಕೈಯಲ್ಲಿ ಬರೆದ ಸಿಂಬಾನಿಗೆ ಜೀವ ಇರಲಿಲ್ಲ ಅಂದಂತಾಗುತ್ತದೆ, ಅಲ್ವಾ?

‘ರೀಮೇಕ್’ ಅಂದರೆ ನಮಗೆ ಬೇರೆ ಭಾಷೆಯಿಂದ ತಂದ ಸಿನಿಮಾ ಅನ್ನುವ ಅರ್ಥವೇ ಮೊದಲು ಹೊಳೆಯುತ್ತದೆ. ‘ಮರುಸೃಷ್ಟಿ’ 2020ರ ‘ಮುಲಾನ್’ಗೆ ಒಪ್ಪುತ್ತದೆ. ಅಲ್ಲಿ ಪಾತ್ರಗಳು ಹಾಡುವುದಿಲ್ಲ, ಮುಶು ಎಂಬ ಡ್ರ್ಯಾಗನ್ನೂ ಇಲ್ಲ. ‘ಲಯನ್ ಕಿಂಗ್’ ಬಹಳ ಕಡೆ ಹಳೆಯ ದೃಶ್ಯಗಳನ್ನೇ ಹಿಡಿದು ನಡೆಯುತ್ತದೆ. ಅದಕ್ಕೆ ‘ಸೃಷ್ಟಿ’ ಜಾಸ್ತಿಯಾಯಿತು. ಕಾರ್ಟೂನ್ ಸಿನಿಮಾಗೆ ‘ವ್ಯಂಗ್ಯಚಿತ್ರ’ ಅನ್ನುವುದಂತೂ ಸುಮ್ನೆ ಗೊಂದಲ.

ಸದ್ಯಕ್ಕೆ ‘ಲಯನ್ ಕಿಂಗ್’ನಂಥದ್ದಕ್ಕೆ ‘ನೈಜರೂಪದ ಆನಿಮೇಷನ್’ ಅಂತ ಬರೆದುಕೊಂಡಿದ್ದೇನೆ. ಮನುಷ್ಯರು ಕಾಣಿಸಿಕೊಳ್ಳುವ ಸಿನಿಮಾಗೆ ‘ನಟರ ಚಿತ್ರ’ ಅನ್ನೋಣವೆಂದರೆ, ಸಿಂಹಗಳಿಗೆ ದನಿ ಕೊಟ್ಟವರೂ ನಟರೇ.

ಸಿನಿಮಾ ಬಗ್ಗೆ ಬರೆಯುವವರು ಇದಕ್ಕೆ ಏನು ಬಳಸುತ್ತೀರಿ? ‘ಲೈವ್ ಆಕ್ಷನ್’ ಅಂತಲೇ ಇಟ್ಟುಕೊಳ್ಳುವವರು ‘ಲಯನ್ ಕಿಂಗ್’ ಅನ್ನೂ ಅದರಲ್ಲಿ ಸೇರಿಸುತ್ತೀರಾ?