ಭೇದಿಯಾದ ಮಗುವಿಗೆ ಸಕ್ಕರೆ ನೀರು ಕೊಡಬೇಕಾ, ಬೇಡವಾ?

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ! ಮಕ್ಕಳಿಗೆ ಭೇದಿಯಾದಾಗ ಸಕ್ಕರೆ ಹಾಕಿದ ನೀರು ಕೊಡಬೇಡಿ. ಸಕ್ಕರೆ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಕುದಿಸಿ ಆರಿಸಿದ ಬರೀ ನೀರು ಸಾಕು. ಎಲ್ಲರಿಗೂ ಕಳಿಸಿ.

ಸುಮಾ: ಅಯ್ಯೋ ದೇವರೇ. ಪುಟ್ಟನಿಗೆ ಬೆಳಿಗ್ಗೆಯಿಂದ ಐದು ಸಲ ಆಗಿದೆ. ಈಗಷ್ಟೇ ಓಆರ್‌ಎಸ್, ಅದೇ ಆ ಉಪ್ಪು-ಸಕ್ಕರೆಯ ಪುಡಿ, ನೀರಿಗೆ ಕಲಸಿಟ್ಟೆ. ಚೆಲ್ಲಿಬಿಡಲಾ?

ಶೋಭಾ: ಚೆಲ್ಲಬೇಡ! ಚಮಚದಲ್ಲಿ ಕುಡಿಸುತ್ತಾ ಇರು. ದೊಡ್ಡಪ್ಪ, ದಯವಿಟ್ಟು ಅದನ್ನು ಬೇರೆ ಯಾರಿಗೂ ಕಳಿಸಬೇಡಿ.

ದೊಡ್ಡಪ್ಪ: ಯಾಕಮ್ಮಾ? ನಿಮ್ಮ ಅಜ್ಜಿಯೂ ಭೇದಿಯಾದರೆ ಸಿಹಿ ಮುಟ್ಟಿಸುತ್ತಿರಲಿಲ್ಲ.

ವಿನಯ್: ಅಕ್ಕ, ಇದರಲ್ಲಿ ತಪ್ಪೇನಿದೆ? ಆಸ್ಮಾಸಿಸ್ ಪಿಯುಸಿಯಲ್ಲೇ ಓದಿದ್ದೇವೆ. ಸಕ್ಕರೆ ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುವುದಿಲ್ವಾ, ಹಾಗೆ.

ಶೋಭಾ: ಸಕ್ಕರೆ ಅತಿಯಾದರೆ ನೀನು ಹೇಳಿದ್ದು ಪೂರ್ತಿ ನಿಜ. ಅದಕ್ಕೇ ಭೇದಿಯಾದಾಗ ಕೋಲಾ, ಪ್ಯಾಕೆಟ್ ಜ್ಯೂಸ್ ಬೇಡ ಅನ್ನುವುದು. ಆದರೆ ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ಉಪ್ಪನ್ನು ಒಳಗೆ ಕರೆದೊಯ್ಯಲು. ಕರುಳಿನ ಜೀವಕೋಶದ ಪೊರೆಯಲ್ಲಿ ಎಸ್‌ಜಿಎಲ್‌ಟಿ1 ಅಂತ ಒಂದು ಪ್ರೋಟೀನ್ ಇದೆ. ಉಪ್ಪಿನ ಎರಡು ಸೋಡಿಯಂ ಕಣ, ಸಕ್ಕರೆಯ ಒಂದು ಗ್ಲೂಕೋಸ್ ಕಣ ಜೊತೆಯಾಗಿ ಬಂದರೆ ಬಾಗಿಲಿನ ಹಾಗೆ ಒಳಗೆ ಬಿಡುತ್ತದೆ. ಅವು ಒಳಗೆ ಹೋದರೆ ನೀರೂ ಹಿಂದೆಯೇ ಹೋಗುತ್ತದೆ. ಕಾಲರಾದಂಥ ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲ. ಕಾಲರಾ ವಿಷ ಉಪ್ಪಿನ ಇನ್ನೊಂದು ಭಾಗವಾದ ಕ್ಲೋರೈಡ್ ಹೊರಹೋಗುವ ದಾರಿಯನ್ನು ತೆರೆದೇ ಇಡುತ್ತದೆ, ಅದರ ಜೊತೆ ನೀರು ಸುರಿಯುತ್ತದೆ. ಆದರೂ ಅದೇ ಕರುಳು ಈ ಬಾಗಿಲಿನಿಂದ ನೀರು ಹೀರಿಕೊಳ್ಳುತ್ತಲೇ ಇರುತ್ತದೆ.

ವಿನಯ್: ಸರಿ, ಎಷ್ಟು ಸಕ್ಕರೆ ಅತಿ ಅಂತ ಯಾರು ಹೇಳುವುದು?

ಶೋಭಾ: ಮೊದಲು ಲೀಟರಿಗೆ 20 ಗ್ರಾಂ ಗ್ಲೂಕೋಸ್ ಇತ್ತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು 13.5ಕ್ಕೆ ಇಳಿಸಿತು, ಉಪ್ಪನ್ನು 2.6 ಗ್ರಾಂಗೆ. ನಿನ್ನ ಆಸ್ಮಾಸಿಸ್ ಲೆಕ್ಕ ಹಾಕಿಯೇ ಇಳಿಸಿದ್ದು.

ದೊಡ್ಡಪ್ಪ: ಬರೀ ನೀರು ಕೊಟ್ಟರೆ ಏನು ಕಷ್ಟ? ಸುಮ್ನೆ ಅದೂ ಇದೂ ಬೆರೆಸುವುದು ಯಾಕೆ?

ಶೋಭಾ: ಭೇದಿಯಲ್ಲಿ ಉಪ್ಪೂ ಹೋಗುತ್ತದೆ ದೊಡ್ಡಪ್ಪ. ಬರೀ ನೀರನ್ನೇ ತುಂಬಿಸಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಮಗು ಮಂಕಾಗುತ್ತದೆ, ಫಿಟ್ಸ್ ಕೂಡ ಬರಬಹುದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್‌ಗೆ ಬಂದಿದ್ದಾಗ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಲನಬಿಸ್ ಇದೇ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮಿನಲ್ಲಿ ಕಲಸಿ, ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದ ಕಡೆ ನಾಲ್ಕಕ್ಕಿಂತ ಕಡಿಮೆಯಾಯಿತು. ಅದನ್ನು ಓದುವಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಸಾವಿತ್ರತ್ತೆ: ಪ್ಯಾಕೆಟ್ ಇಲ್ಲದಿದ್ದರೆ? ನಾವು ಕೈಯಳತೆಯಲ್ಲೇ ಹಾಕುತ್ತಿದ್ದೆವು.

ಶೋಭಾ: ಅತ್ತೆ, ಕೈಯಳತೆ ಬೇಡ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಚಾಕುವಿನ ಬೆನ್ನಿನಿಂದ ಸವರಿಬಿಡಿ. ಪ್ಯಾಕೆಟ್ ಇದ್ದರೆ ಅದರ ಮೇಲೆ ಬರೆದಷ್ಟೇ ನೀರು. ಹೋದ ಬೇಸಿಗೆಯಲ್ಲಿ ನಮ್ಮ ಆಸ್ಪತ್ರೆಯ ವಾರ್ಡಿಗೆ ಒಂದು ಮಗು ಬಂತು. ಲೀಟರಿನ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಕಲಸಿ ಕುಡಿಸಿದ್ದರು. ತುಟಿ ಒಣಗಿ ಬಿಳಿ ಸಿಪ್ಪೆ ಎದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ನಿಂತಿತ್ತು.

ದೊಡ್ಡಪ್ಪ: ಊಟವಾದರೂ ನಿಲ್ಲಿಸಬೇಕಲ್ಲ? ಕರುಳಿಗೆ ವಿಶ್ರಾಂತಿ ಬೇಡವೇ?

ಶೋಭಾ: ಅದೂ ಬೇಡ. ಕರುಳಿನ ಒಳಪದರದ ಗುಳಿಗಳಲ್ಲಿ ಜೀವಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಹೊಸವು ಮೇಲೆ ಸರಿದಂತೆ ಹಳೆಯವು ಉದುರುತ್ತವೆ. ಮೂರರಿಂದ ಐದು ದಿನದಲ್ಲಿ ಪದರವೇ ಹೊಸದು. ಉಪವಾಸ ಹಾಕಿದರೆ ಅದು ಬೆಳೆಯುವುದು ಯಾವುದರಿಂದ? ಸುಮಾ, ಗಂಜಿ, ಮೊಸರನ್ನ ಕೊಡು. ಎದೆಹಾಲು ನಿಲ್ಲಿಸಬೇಡ. ಜಿಂಕ್ ಮಾತ್ರೆ ಕೊಟ್ಟಿದ್ದರೆ ಭೇದಿ ನಿಂತರೂ ಹದಿನಾಲ್ಕು ದಿನ ಮುಗಿಸು.

ದೊಡ್ಡಪ್ಪ: ಊಟದ ಮಾತು ನನಗಿನ್ನೂ ಒಪ್ಪಿಗೆಯಿಲ್ಲ. ಆದರೆ ಆ ಮೆಸೇಜನ್ನು ವಾಕಿಂಗ್ ಗುಂಪಿಗೆ ಆಗಲೇ ಕಳಿಸಿಬಿಟ್ಟಿದ್ದೇನೆ. ನೀನು ಬರೆದ ಚಮಚದ ಲೆಕ್ಕ ಅಲ್ಲಿಗೂ ಹಾಕಲಾ?

ಶೋಭಾ: ಈಗಲೇ ಹಾಕಿ ದೊಡ್ಡಪ್ಪ. ‘ಸವರಿದ ಚಮಚ’ ಅನ್ನುವುದು ಬಿಟ್ಟುಹೋಗದ ಹಾಗೆ.

ಸುಮಾ: ಅಕ್ಕ, ಎಂಟು ಚಮಚ ಕುಡಿದ. ವಾಂತಿ ಆಗಿಲ್ಲ.

ಶೋಭಾ: ಹಾಗೇ ಕುಡಿಸುತ್ತಿರು. ಕಣ್ಣು ಗುಳಿ ಬಿದ್ದರೆ, ತೂಕಡಿಸಿದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡ, ಆಸ್ಪತ್ರೆಗೆ ಬಾ. ಉಚ್ಚೆ ಹೊಯ್ದ ತಕ್ಷಣ ನನಗೆ ಫೋನ್ ಮಾಡು.